ಗೇಲಿಕ್ ಫುಟ್‌ಬಾಲ್ ಕಲಿಯೋಣ: ಕೈಯಿಂದ ಕಾಲಿಗೆ, ಕಾಲಿಂದ ಕೈಗೆ

ಐರ್ಲೆಂಡಿಗೆ ಹೊಸದಾಗಿ ಬಂದ ಕನ್ನಡದ ಮನೆಗಳಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಬಾಡಿಗೆ ಮನೆಯದ್ದು ಮೊದಲು, ಡ್ರೈವಿಂಗ್ ಲೈಸೆನ್ಸಿನದ್ದು ಆಮೇಲೆ. ಮೂರನೆಯದು ಇದು: "ಮಗ ಸ್ಕೂಲಿಂದ ಬಂದವನೇ ಜಿಎಎಗೆ ಸೇರಿಸಿ ಅಂತ ಹಟ ಹಿಡಿದಿದ್ದಾನೆ. ಅದು ಫುಟ್‌ಬಾಲಾ, ರಗ್ಬಿಯಾ? ಮನೇಲಿ ಹೇಗೆ ಅಭ್ಯಾಸ ಮಾಡಿಸೋದು? ಈ ವಯಸ್ಸಲ್ಲಿ ನಾವೂ ಆಡಬಹುದಾ?" ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಕೊನೆಯ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಆಡಬಹುದು. ಮೂವತ್ತೈದು ದಾಟಿದ ಮೇಲೆ ಚೆಂಡು ಮುಟ್ಟಿದವರಲ್ಲಿ ನಾನೂ ಸೇರಿದ್ದೇನೆ.

ಜಿಎಎ ಎಂದರೆ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್. 1884ರ ನವೆಂಬರ್ 1ರಂದು ಟಿಪ್ಪರರಿ ಕೌಂಟಿಯ ಥರ್ಲ್ಸ್ ಊರಿನ ಒಂದು ಹೋಟೆಲಿನಲ್ಲಿ ಮೈಕೆಲ್ ಕ್ಯೂಸಾಕ್, ಮಾರಿಸ್ ಡ್ಯಾವಿನ್ ಮೊದಲಾದವರು ಸೇರಿ ಹುಟ್ಟುಹಾಕಿದ ಸಂಸ್ಥೆ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ನಾವಿಲ್ಲಿ ಕಲಿಯುವ ಗೇಲಿಕ್ ಫುಟ್‌ಬಾಲ್ ಈ ಸಂಸ್ಥೆಯ ಆಟ. ಕೋಲು ಹಿಡಿದು ಆಡುವ ಹರ್ಲಿಂಗ್ ಕೂಡ ಇದೇ ಸಂಸ್ಥೆಯದು, ಅದರ ಸುದ್ದಿ ಇಲ್ಲಿ ಬೇಡ. ಮುಖ್ಯವಾಗಿ ತಿಳಿಯಬೇಕಾದ್ದು, ಇಲ್ಲಿ ಆಡುವವರಿಗೆ ಸಂಬಳ ಇಲ್ಲ. ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ 82,000ಕ್ಕೂ ಹೆಚ್ಚು ಜನರ ಎದುರು ಫೈನಲ್ ಆಡಿದ ಹುಡುಗನೂ ಮತ್ತೆ ತನ್ನ ಬ್ಯಾಂಕಿಗೋ ಹೊಲಕ್ಕೋ ವಾಪಸ್ ಹೋಗುತ್ತಾನೆ. ನಿಮ್ಮ ಮಗುವಿಗೆ ಶನಿವಾರ ಬೆಳಿಗ್ಗೆ ಹೇಳಿಕೊಡುವವರೂ ಯಾರದೋ ಅಪ್ಪ, ಯಾರದೋ ಅಮ್ಮ.

ಆಟ ಎಂಥದ್ದು

ಒಂದು ಕಡೆಗೆ 15 ಜನ: ಒಬ್ಬ ಗೋಲ್‌ಕೀಪರ್, ಆರು ಡಿಫೆಂಡರು, ಇಬ್ಬರು ಮಿಡ್‌ಫೀಲ್ಡು, ಆರು ಫಾರ್ವರ್ಡು. ಅಂಗಳ 130ರಿಂದ 145 ಮೀಟರ್ ಉದ್ದ, 80ರಿಂದ 90 ಮೀಟರ್ ಅಗಲ. ಸಾಕರ್ ಮೈದಾನ ನೋಡಿ ಬಂದವರಿಗೆ ಇದು ಕೆರೆ ಅಂಗಳದ ಹಾಗೆ ಕಾಣುತ್ತದೆ. ಎರಡೂ ತುದಿಯಲ್ಲಿ 'ಎಚ್' ಆಕಾರದ ಕಂಬ. ಕಂಬಗಳ ನಡುವೆ 6.5 ಮೀಟರ್, ಅಡ್ಡಪಟ್ಟಿ ನೆಲದಿಂದ 2.5 ಮೀಟರ್ ಮೇಲೆ. ಅಡ್ಡಪಟ್ಟಿಯ ಕೆಳಗೆ ಬಲೆಯೊಳಗೆ ಹೋದರೆ ಗೋಲು, ಅದಕ್ಕೆ 3 ಅಂಕ. ಮೇಲಿಂದ ಕಂಬಗಳ ನಡುವೆ ಹಾದುಹೋದರೆ ಪಾಯಿಂಟು, 1 ಅಂಕ.

ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಒದೆಯಬಹುದು, ಗುದ್ದಬಹುದು, ನೆಲದ ಮೇಲೆ ಸಾಕರ್ ಥರವೂ ಒಯ್ಯಬಹುದು. ಎಸೆಯುವಂತಿಲ್ಲ. ಹಿಡಿದುಕೊಂಡು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ. ಈ ಎರಡು 'ಇಲ್ಲ'ಗಳಿಂದಲೇ ಆಟದ ಉಳಿದ ಕಸುಬೆಲ್ಲ ಹುಟ್ಟಿದೆ.

ಆ ಕಸುಬಿನ ಗುಟ್ಟನ್ನು ನಾನು ತಡವಾಗಿ ಕಂಡುಕೊಂಡೆ. ನೀವು ಮೊದಲ ದಿನವೇ ತಿಳಿದುಕೊಳ್ಳಿ: ಕೈಯಲ್ಲಿರುವ ಚೆಂಡನ್ನು ಕಾಲಿನ ಮೇಲೆ *ಬಿಡಲು* ಕಲಿತರೆ ಅರ್ಧ ಆಟ ಬಂದ ಹಾಗೆ. ಎತ್ತಿ ಹಾಕುವುದಲ್ಲ, ಚಿಮ್ಮಿಸುವುದಲ್ಲ, ಬಿಡುವುದು. ಕ್ರಿಕೆಟ್ ಆಡಿದ ಕೈಗೆ ಎಸೆಯುವುದು ಗೊತ್ತು, ಸಾಕರ್ ಆಡಿದ ಕಾಲಿಗೆ ನೆಲದ ಚೆಂಡು ಗೊತ್ತು. ಈ 'ಬಿಡುವುದು' ಇಬ್ಬರಿಗೂ ಹೊಸದು.

ಏನೇನು ಬೇಕು

ಅಂಗಡಿಗೆ ಹೋದರೆ ನೂರಾರು ಯೂರೋ ಕಳೆಯುವುದು ಸುಲಭ. ಬೇಕಾಗಿರುವುದು ಇಷ್ಟೇ.

ಚೆಂಡು: ದೊಡ್ಡವರದು ಸೈಜ್ 5. ಸುತ್ತಳತೆ 68ರಿಂದ 70 ಸೆಂ.ಮೀ., ತೂಕ 480ರಿಂದ 500 ಗ್ರಾಂ. ಸುತ್ತಳತೆಯಲ್ಲಿ ಸಾಕರ್ ಚೆಂಡಿನಷ್ಟೇ ಇದ್ದರೂ ತೂಕ ಸ್ವಲ್ಪ ಜಾಸ್ತಿ. ನೋಡಲು ಹಳೆಯ ಕಾಲದ ವಾಲಿಬಾಲಿನ ಹಾಗೆ ಪಟ್ಟಿ ಪಟ್ಟಿ. ಮಹಿಳೆಯರ ಆಟಕ್ಕೆ ಸೈಜ್ 4, ಚಿಕ್ಕ ಮಕ್ಕಳಿಗೆ ಇನ್ನೂ ಹಗುರದ್ದು ಸಿಗುತ್ತದೆ. ಮಗುವಿಗೆ "ಬೆಳೀತಾನಲ್ಲ, ದೊಡ್ಡದೇ ಇರಲಿ" ಎಂದು ಸೈಜ್ 5 ಕೊಡಿಸಬೇಡಿ. ಬಟ್ಟೆಗೆ ಸರಿ, ಚೆಂಡಿಗೆ ಆ ಲೆಕ್ಕ ನಡೆಯುವುದಿಲ್ಲ. ಭಾರದ ಚೆಂಡು ಎದೆಗೆ ಬಡಿದರೆ ಮಗು ಹಿಡಿಯುವ ಬದಲು ಮುಖ ತಿರುಗಿಸಲು ಕಲಿಯುತ್ತದೆ, ಆ ಚಟ ಬಿಡಿಸಲು ವರ್ಷ ಬೇಕು.

ಗಮ್‌ಶೀಲ್ಡ್: ಹಲ್ಲಿನ ಮೇಲೆ ಕೂರುವ ರಬ್ಬರಿನಂಥ ಕವಚ. ಮಕ್ಕಳಿಗೆ 2013ರಿಂದ, ದೊಡ್ಡವರಿಗೆ 2014ರಿಂದ ಇದು ಕಡ್ಡಾಯ, ತರಬೇತಿಯಲ್ಲೂ. ಬಿಸಿನೀರಿನಲ್ಲಿ ಅದ್ದಿ ಕಚ್ಚಿ ಅಚ್ಚು ಮಾಡಿಕೊಳ್ಳುವ ಅಗ್ಗದ್ದೇ ಶುರುವಿಗೆ ಸಾಕು. ಮನೆಯಲ್ಲೇ ಒಂದೆರಡು ದಿನ ಹಾಕಿಕೊಂಡು ಓಡಾಡಿ, ಇಲ್ಲವಾದರೆ ಮೈದಾನದಲ್ಲಿ ವಾಕರಿಕೆ ಬರುತ್ತದೆ.

ಬೂಟು: ಅಡಿಯಲ್ಲಿ ಗಟ್ಟಿ ಮೊಳೆಯಂಥ ಸ್ಟಡ್ ಇರುವ ಯಾವ ಫುಟ್‌ಬಾಲ್ ಬೂಟಾದರೂ ಆಗುತ್ತದೆ. ಮಾಮೂಲಿ ಓಟದ ಶೂ ಮಾತ್ರ ಬೇಡ. ಇಲ್ಲಿನ ಹುಲ್ಲು ವರ್ಷದಲ್ಲಿ ಎಂಟು ತಿಂಗಳು ಒದ್ದೆ, ಮೊದಲ ತಿರುವಿನಲ್ಲೇ ಅಂಗಾತ ಬೀಳುತ್ತೀರಿ.

ಗ್ಲೌಸು ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಮಳೆಯಲ್ಲಿ ಹಿಡಿತಕ್ಕೆ ಒಳ್ಳೆಯದು, ಆದರೆ ಮೊದಲ ಎರಡು ತಿಂಗಳು ಬರಿಗೈಯಲ್ಲಿ ಕಲಿಯಿರಿ ಎನ್ನುತ್ತೇನೆ. ಬೆರಳಿಗೆ ಚೆಂಡಿನ ಗುರುತು ಸಿಗಲಿ.

ಇನ್ನೊಂದು, ದುಡ್ಡು ಕೊಡದೆ ಸಿಗುವುದು: ಗೋಡೆ. ಬಹಳಷ್ಟು ಕ್ಲಬ್ಬುಗಳಲ್ಲಿ ಇದಕ್ಕೆಂದೇ ಕಟ್ಟಿದ ಎತ್ತರದ ಗೋಡೆ ಇರುತ್ತದೆ. ಮನೆಯ ಗೋಡೆಗೆ ಹೊಡೆಯುವ ಮುನ್ನ ಪಕ್ಕದ ಮನೆಯವರನ್ನೊಮ್ಮೆ ಕೇಳಿ, ಸೆಮಿ ಡಿಟ್ಯಾಚ್ಡ್ ಮನೆಯಲ್ಲಿ ಆ ಗೋಡೆ ಅವರದ್ದೂ ಹೌದು.

1. ಹಿಡಿಯುವುದು

ಎದೆ ಮತ್ತು ಹೊಟ್ಟೆಯ ಮಟ್ಟಕ್ಕೆ ಬರುವ ಚೆಂಡಿನಿಂದ ಶುರು ಮಾಡಿ. ಅಂಗೈ ಮೇಲೆ ಮಾಡಿ, ಮೊಣಕೈ ಒಳಗೆ ತಂದು, ಕೂಸನ್ನು ಎತ್ತಿಕೊಂಡ ಹಾಗೆ ಚೆಂಡನ್ನು ಎದೆಗೆ ಅವಚಿಕೊಳ್ಳಿ. ಚೆಂಡು ಮೈಗೆ ತಾಕುವಾಗ ಎದೆಯನ್ನು ಕೊಂಚ ಒಳಗೆ ಎಳೆದುಕೊಂಡರೆ ಪುಟಿದು ಹೋಗುವುದಿಲ್ಲ.

ಆಮೇಲೆ ತಲೆಯ ಮೇಲಿನ ಕ್ಯಾಚು. ಎರಡೂ ಹೆಬ್ಬೆರಳು ಹತ್ತಿರ ಹತ್ತಿರ, ಉಳಿದ ಬೆರಳು ಅಗಲವಾಗಿ ಅರಳಿರಬೇಕು. ಓಡಿಬಂದು ಒಂಟಿ ಕಾಲಿನಲ್ಲಿ ಹಾರಿ, ಚೆಂಡನ್ನು ತಲೆಯ ಮುಂಭಾಗದಲ್ಲಿ, ಕೈ ತಲುಪುವ ಅತಿ ಎತ್ತರದಲ್ಲಿ ಹಿಡಿಯಿರಿ. ಹಿಡಿದ ತಕ್ಷಣ ಎದೆಗೆ ಇಳಿಸಿ. ಶಾಲೆಯಲ್ಲಿ ಥ್ರೋಬಾಲ್ ಆಡಿದ ನಮ್ಮ ಹೆಣ್ಣುಮಕ್ಕಳಿಗೆ ಇದು ಚೆನ್ನಾಗಿ ಒಲಿಯುತ್ತದೆ.

ತಪ್ಪುವುದು ಎಲ್ಲಿ: ಚೆಂಡು ತಲೆಯ ಹಿಂದಕ್ಕೆ ಹೋಗುವವರೆಗೆ ಕಾಯುವುದು, ಮತ್ತು ಬೆರಳನ್ನು ಚೆಂಡಿನ ಕಡೆಗೆ ಈಟಿಯ ಹಾಗೆ ಚಾಚುವುದು. ಎರಡನೆಯದರಿಂದ ಬೆರಳು ಉಳುಕುತ್ತದೆ. ಹೊಸಬರಿಗೆ ಆಗುವ ಗಾಯಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಇದೇ. ಉಂಗುರ ಮನೆಯಲ್ಲೇ ಬಿಚ್ಚಿಟ್ಟು ಬನ್ನಿ.

2. ಹ್ಯಾಂಡ್ ಪಾಸ್

ಹತ್ತಿರದ ಜೊತೆಗಾರನಿಗೆ ಚೆಂಡನ್ನು ಕೈಯಿಂದ ಹೊಡೆದು ಕಳಿಸುವುದು ಹ್ಯಾಂಡ್ ಪಾಸ್. ನಮ್ಮ ಊರುಗಳ ವಾಲಿಬಾಲ್ ಕೋರ್ಟಿನಲ್ಲಿ ಕೆಳಗಿನಿಂದ ಸರ್ವೀಸ್ ಮಾಡುತ್ತಾರಲ್ಲ, ಅದರ ತಮ್ಮ ಇದು. ಎಡ ಅಂಗೈ ಮೇಲೆ ಚೆಂಡು ಇಟ್ಟುಕೊಳ್ಳಿ. ಎಡಗಾಲು ಮುಂದಿಡಿ. ಬಲಗೈಯನ್ನು ಹಿಂದಕ್ಕೆ ತೂಗಿ, ಮುಷ್ಟಿಯಿಂದಲೋ ಬಿಚ್ಚಿದ ಅಂಗೈಯಿಂದಲೋ ಚೆಂಡಿನ ಹಿಂಭಾಗಕ್ಕೆ ಹೊಡೆಯಿರಿ. ಹೊಡೆದ ಕೈ ಚೆಂಡು ಹೋಗಬೇಕಾದ ಕಡೆಗೇ ಸಾಗಲಿ.

ಇಲ್ಲಿ ರೆಫರಿ ನೋಡುವುದು ಒಂದನ್ನೇ: ಹೊಡೆದದ್ದು ಕಣ್ಣಿಗೆ ಕಾಣಿಸಿತೇ? ಹಿಡಿದ ಕೈಯೇ ಚೆಂಡನ್ನು ಮುಂದಕ್ಕೆ ತಳ್ಳಿದರೆ ಅದು ಎಸೆತ, ಫೌಲು. ವಾಲಿಬಾಲ್ ಸರ್ವೀಸಿನಲ್ಲಿ ಚೆಂಡನ್ನು ಒಂಚೂರು ಮೇಲಕ್ಕೆ ಹಾರಿಸುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ, ಹಿಡಿದ ಕೈ ಕಲ್ಲಿನ ಹಾಗೆ ನಿಂತಿರಲಿ. ಥ್ರೋಬಾಲಿನವರಿಗೆ ಕ್ಯಾಚು ಎಷ್ಟು ಸುಲಭವೋ ಇದು ಅಷ್ಟೇ ಕಷ್ಟ. ಕೈ ತಾನಾಗಿ ಎಸೆದುಬಿಡುತ್ತದೆ. ನನ್ನ ಮೊದಲ ಅಭ್ಯಾಸದ ದಿನ ಹತ್ತು ನಿಮಿಷದಲ್ಲಿ ನಾಲ್ಕು ಸಲ ಸೀಟಿ ಊದಿಸಿಕೊಂಡದ್ದು ಈ ಚಟಕ್ಕೇ.

ಮುಷ್ಟಿ ಕಟ್ಟುವಾಗ ಹೆಬ್ಬೆರಳು ಹೊರಗಿರಲಿ. ಬೆರಳುಗಳ ಒಳಗೆ ಮಡಚಿಟ್ಟು ಹೊಡೆದರೆ ಹೆಬ್ಬೆರಳಿನ ಬುಡಕ್ಕೆ ಏಟು. ಗೋಡೆಯಿಂದ ಐದು ಮೀಟರ್ ದೂರ ನಿಂತು ಬಲಗೈಯಲ್ಲಿ ಇಪ್ಪತ್ತು, ಎಡಗೈಯಲ್ಲಿ ಇಪ್ಪತ್ತು. ಎಡಗೈಯದನ್ನು ಮೊದಲ ವಾರದಿಂದಲೇ ಮಾಡಿ. ಆಮೇಲೆ ಮಾಡೋಣ ಎಂದವರು ಮಾಡುವುದಿಲ್ಲ.

3. ಕೈಯಿಂದ ಒದೆಯುವುದು

'ಬಿಡುವುದು' ನಿಜವಾಗಿ ಶುರುವಾಗುವುದು ಇಲ್ಲಿ.

ಬಲಗಾಲಿನಲ್ಲಿ ಒದೆಯುವವರಾದರೆ ಚೆಂಡು ಬಲಗೈಯಲ್ಲಿರಲಿ, ಎಡಗೈ ಪಕ್ಕಕ್ಕೆ ಚಾಚಿ ತೂಕ ಹಿಡಿಯಲಿ. ಚೆಂಡನ್ನು ಸೊಂಟದ ಎತ್ತರದಲ್ಲಿ, ಒದೆಯುವ ಕಾಲಿನ ನೇರಕ್ಕೆ ಹಿಡಿದು ಎಡಗಾಲು ಊರಿ. ತಲೆ ಬಗ್ಗಿಸಿ, ಕಣ್ಣು ಚೆಂಡಿನ ಮೇಲೆ. ಈಗ ಕೈ ಬಿಡಿ. ಕಾಲ್ಬೆರಳನ್ನು ಮುಂದಕ್ಕೆ ಚಾಚಿ, ಬೂಟಿನ ದಾರ ಕಟ್ಟುವ ಜಾಗದಿಂದ ಹೊಡೆಯಿರಿ. ಕಾಲು ಗುರಿಯ ಕಡೆಗೆ ಪೂರ್ತಿ ಸಾಗಿ ಮೇಲೇಳಲಿ.

ನೂರರಲ್ಲಿ ತೊಂಬತ್ತು ಕೆಟ್ಟ ಒದೆತಕ್ಕೆ ಕಾಲು ಕಾರಣವಲ್ಲ, ಕೈ ಕಾರಣ. ಇದು ನನ್ನ ಅಂದಾಜಿನ ಲೆಕ್ಕ, ಆದರೆ ಯಾವ ಕೋಚನ್ನಾದರೂ ಕೇಳಿ ನೋಡಿ. ಹೊಸಬರು ಚೆಂಡನ್ನು ಎದೆಯ ಎತ್ತರಕ್ಕೆ ಚಿಮ್ಮಿಸಿ ಅದು ಇಳಿದು ಬರುವಾಗ ಒದೆಯಲು ಹೋಗುತ್ತಾರೆ. ಅಷ್ಟರಲ್ಲಿ ಗಾಳಿ ಅದನ್ನು ಒಂದು ಗೇಣು ಪಕ್ಕಕ್ಕೆ ತಳ್ಳಿರುತ್ತದೆ. ಐರ್ಲೆಂಡಿನ ಗಾಳಿ ಗೊತ್ತಲ್ಲ, ಛತ್ರಿಯನ್ನೇ ತಿರುಗಿಸಿ ಹಾಕುತ್ತದೆ. ಕೈಗೂ ಕಾಲಿಗೂ ನಡುವಿನ ದಾರಿ ಎಷ್ಟು ಚಿಕ್ಕದೋ ತಪ್ಪು ಅಷ್ಟು ಕಡಿಮೆ.

ಎರಡನೆಯ ತಪ್ಪು ಹಿಂದಕ್ಕೆ ವಾಲುವುದು. ವಾಲಿದರೆ ಚೆಂಡು ಆಕಾಶಕ್ಕೆ ಹೋಗಿ ಹತ್ತು ಮಾರು ದೂರದಲ್ಲೇ ಬೀಳುತ್ತದೆ. ಮೂರನೆಯದು ಬಲಗಾಲಿಗೆ ಎಡಗೈಯಿಂದ ಬಿಡುವುದು. ಚೆಂಡು ಮೈಯ ಅಡ್ಡಕ್ಕೆ ಬಂದು ಒದೆತ ಸೊಟ್ಟಗಾಗುತ್ತದೆ. ಅದೇ ಸೊಟ್ಟವನ್ನು ಬೇಕೆಂದೇ ಮಾಡಿ ಚೆಂಡನ್ನು ಬಾಳೆಹಣ್ಣಿನ ಹಾಗೆ ಬಾಗಿಸುವ 'ಹುಕ್ ಕಿಕ್' ಎಂಬುದೊಂದಿದೆ. ನೋಡಲು ಚೆಂದ, ಆದರೆ ಆರು ತಿಂಗಳು ಅದರ ತಂಟೆಗೆ ಹೋಗಬೇಡಿ.

ಒಂದು ಸಣ್ಣ ಅಭ್ಯಾಸ: ಒದೆಯದೆ, ನಿಂತಲ್ಲೇ ಚೆಂಡನ್ನು ಬಿಟ್ಟು ಅದು ನೆಲಕ್ಕೆ ಬಿದ್ದು ನೇರವಾಗಿ ನಿಮ್ಮ ಕೈಗೇ ಪುಟಿದು ಬರುತ್ತದೆಯೇ ನೋಡಿ. ಆಚೀಚೆ ಹೋದರೆ ಬಿಡುವ ಕೈ ತಿರುಚುತ್ತಿದೆ ಎಂದರ್ಥ. ಇದನ್ನು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಾ ಕೂಡ ಮಾಡಬಹುದು. ನಾನು ಮಾಡಿದ್ದೇನೆ, ಹಾಲು ಉಕ್ಕಿದ್ದೂ ಉಂಟು.

4. ಸೋಲೋ

ಗೇಲಿಕ್ ಫುಟ್‌ಬಾಲನ್ನು ದೂರದಿಂದಲೇ ಗುರುತಿಸುವುದು ಇದರಿಂದ. ಓಡುತ್ತಾ ಓಡುತ್ತಾ ಚೆಂಡನ್ನು ಕಾಲಿನ ಮೇಲೆ ಬಿಟ್ಟು, ಕಾಲ್ಬೆರಳಿನಿಂದ ಚಿಮ್ಮಿ ಮತ್ತೆ ಕೈಗೆ ತಂದುಕೊಳ್ಳುವುದು. ಮೊದಲ ವಾರ ಇದು ಸರ್ಕಸ್ಸಿನ ಹಾಗೆ ಕಾಣುತ್ತದೆ. ಆರನೆಯ ವಾರ ಉಸಿರಾಟದ ಹಾಗೆ.

ಒದೆತಕ್ಕೂ ಇದಕ್ಕೂ ಇರುವ ವ್ಯತ್ಯಾಸ ಪಾದದ ಕೋನ. ಒದೆಯುವಾಗ ಬೆರಳು ಮುಂದಕ್ಕೆ ಚಾಚಿದ್ದವು. ಇಲ್ಲಿ ಬೆರಳನ್ನು ನಿಮ್ಮ ಮೊಣಕಾಲಿನ ಕಡೆಗೆ ಮೇಲಕ್ಕೆ ಎಳೆದುಕೊಳ್ಳಿ. ಆಗ ಚೆಂಡು ಹಿಮ್ಮುಖವಾಗಿ ತಿರುಗುತ್ತಾ ನಿಮ್ಮ ಕಡೆಗೇ ಬರುತ್ತದೆ. ಬೆರಳು ಚಪ್ಪಟೆಯಾಗಿದ್ದರೆ ಮುಂದಕ್ಕೆ ಓಡಿಹೋಗುತ್ತದೆ, ಎದುರಾಳಿ ಥ್ಯಾಂಕ್ಸ್ ಹೇಳಿ ತೆಗೆದುಕೊಳ್ಳುತ್ತಾನೆ.

ಹಂತ ಬಿಡದೆ ಹೋಗಿ. ಮೊದಲು ನಿಂತಲ್ಲೇ: ಬಿಡು, ಚಿಮ್ಮು, ಹಿಡಿ. ಒಂದೇ ಸಲ ಚಿಮ್ಮಿ ಹಿಡಿದು ನಿಲ್ಲಿಸಿ. ಹತ್ತಕ್ಕೆ ಎಂಟು ಬಂದ ಮೇಲೆ ನಡೆಯುತ್ತಾ ಮಾಡಿ: ಎಡ ಹೆಜ್ಜೆ ಊರುವಾಗ ಬಲಗೈ ಬಿಡುತ್ತದೆ, ಬಲಗಾಲು ಬರುವಾಗ ಚೆಂಡನ್ನು ಸಂಧಿಸುತ್ತದೆ. ಅದು ನಡಿಗೆಯ ಹೆಜ್ಜೆಯೇ, ಬೇರೆ ಒದೆತ ಅಲ್ಲ. ಮೊಣಕಾಲಿಗಿಂತ ಎತ್ತರಕ್ಕೆ ಕಾಲು ಏಳುತ್ತಿದ್ದರೆ ಜೋರು ಹೆಚ್ಚಾಯಿತು. ನಡಿಗೆಯಲ್ಲಿ ಕೂತಮೇಲೆ ನಿಧಾನ ಓಟ. ಓಟದಲ್ಲಿ ಕೂತಮೇಲೆ ತಲೆಯೆತ್ತಿ ನೋಡುವುದು. ಕಟ್ಟಕಡೆಗೆ ಇನ್ನೊಂದು ಕಾಲು.

ತಲೆಯೆತ್ತುವುದು ಎಲ್ಲರೂ ತಪ್ಪಿಸಿಕೊಳ್ಳುವ ಮೆಟ್ಟಿಲು. ಬಿಡುವ ಮತ್ತು ತಾಕುವ ಗಳಿಗೆಯಲ್ಲಿ ಮಾತ್ರ ಕಣ್ಣು ಚೆಂಡಿನ ಮೇಲೆ, ಕೈಗೆ ಬಂದ ಕೂಡಲೇ ಕಣ್ಣು ಮೈದಾನದ ಮೇಲೆ. ಇದಕ್ಕೆ ಮನೆಯ ಇನ್ನೊಬ್ಬರನ್ನು ಎದುರು ನಿಲ್ಲಿಸಿ ಬೆರಳು ತೋರಿಸಲು ಹೇಳಿ. ನೀವು ಸೋಲೋ ಮಾಡುತ್ತಾ ಎಷ್ಟು ಬೆರಳು ಎಂದು ಕೂಗಬೇಕು. ಮಕ್ಕಳಿಗೆ ಈ ಆಟ ಬಹಳ ಇಷ್ಟ, ಅಪ್ಪ ಅಮ್ಮ ತಪ್ಪು ಹೇಳಿದಾಗ ಇನ್ನೂ ಇಷ್ಟ.

5. ನಾಲ್ಕು ಹೆಜ್ಜೆಯ ಲೆಕ್ಕ, ಮತ್ತು ಪುಟಿಸುವುದು

ಚೆಂಡು ಹಿಡಿದು ನಾಲ್ಕು ಹೆಜ್ಜೆ, ಅಥವಾ ನಾಲ್ಕು ಹೆಜ್ಜೆ ಇಡಲು ಬೇಕಾಗುವಷ್ಟು ಹೊತ್ತು. ಅಷ್ಟರೊಳಗೆ ಸೋಲೋ ಮಾಡಬೇಕು, ಇಲ್ಲವೇ ಬ್ಯಾಸ್ಕೆಟ್‌ಬಾಲಿನ ಹಾಗೆ ಒಮ್ಮೆ ನೆಲಕ್ಕೆ ಪುಟಿಸಿ ಹಿಡಿಯಬೇಕು, ಇಲ್ಲವೇ ಚೆಂಡನ್ನು ಸಾಗಹಾಕಬೇಕು. ಪುಟಿಸುವುದಕ್ಕೆ ಒಂದು ಕಟ್ಟುಪಾಡು: ಸತತ ಎರಡು ಸಲ ಪುಟಿಸುವಂತಿಲ್ಲ. ಸೋಲೋ ಎಷ್ಟು ಸಲ ಬೇಕಾದರೂ ಸಾಲಾಗಿ ಮಾಡಬಹುದು. ಆದ್ದರಿಂದ ಉದ್ದ ಓಟದಲ್ಲಿ ಪುಟಿಸು-ಸೋಲೋ-ಪುಟಿಸು-ಸೋಲೋ ಎಂಬ ತಾಳ ಕೇಳಿಸುತ್ತದೆ. ಬ್ಯಾಸ್ಕೆಟ್‌ಬಾಲ್ ಆಡಿದವರು ಎರಡನೆಯ ಸಲ ಪುಟಿಸಿದಾಗಲೇ ಸಿಕ್ಕಿಬೀಳುತ್ತಾರೆ.

ಬಾಯಿಬಿಟ್ಟು ಎಣಿಸಿ. ಒಂದು, ಎರಡು, ಮೂರು, ಸೋಲೋ. ಮೂರಕ್ಕೇ ಬಿಡುವುದನ್ನು ರೂಢಿ ಮಾಡಿಕೊಂಡರೆ ಪಂದ್ಯದ ಗಡಿಬಿಡಿಯಲ್ಲಿ ನಾಲ್ಕಾಗುತ್ತದೆ. ನಾಲ್ಕಕ್ಕೇ ರೂಢಿ ಮಾಡಿಕೊಂಡರೆ ಆರಾಗುತ್ತದೆ, ಬೇಲಿಯ ಆಚೆಯಿಂದ "ಸ್ಟೆಪ್ಸ್, ರೆಫ್!" ಎಂಬ ಕೂಗು ಏಳುತ್ತದೆ. ಇಡೀ ಐರ್ಲೆಂಡಿಗೆ ನಿಮ್ಮ ಹೆಜ್ಜೆ ಎಣಿಸುವುದು ಹುಟ್ಟಿನಿಂದಲೇ ಬರುತ್ತದೆ, ತಮ್ಮ ತಂಡದವನ ಹೆಜ್ಜೆ ಮಾತ್ರ ಕಾಣುವುದಿಲ್ಲ.

ಚಳಿಗಾಲದ ಕೆಸರಿನಲ್ಲಿ ಪುಟಿಸಲು ಹೋಗಬೇಡಿ. ಚೆಂಡು ಹಿಟ್ಟಿನ ಮೇಲೆ ಬಿದ್ದ ಹಾಗೆ ಅಲ್ಲೇ ಕೂರುತ್ತದೆ.

6. ನೆಲದಿಂದ ಎತ್ತುವುದು

ಪುರುಷರ ಆಟದಲ್ಲಿ ನೆಲದ ಮೇಲಿರುವ ಚೆಂಡನ್ನು ನೇರವಾಗಿ ಕೈಯಿಂದ ಬಾಚುವಂತಿಲ್ಲ. ಕಾಲ್ಬೆರಳು ಚೆಂಡಿನ ಅಡಿಗೆ ಹೋಗಿ ಅದನ್ನು ನೆಲದಿಂದ ಬಿಡಿಸಬೇಕು. ಮಹಿಳೆಯರ ಆಟದಲ್ಲಿ, ನಿಂತುಕೊಂಡಿದ್ದರೆ ನೇರವಾಗಿ ಕೈಯಿಂದಲೇ ಎತ್ತಬಹುದು. ಎರಡೂ ತಂಡ ಇರುವ ಮನೆಯಲ್ಲಿ ಇದೊಂದು ದಿನನಿತ್ಯದ ಜಗಳ.

ಚೆಂಡಿನ ಪಕ್ಕಕ್ಕೆ ಎಡಗಾಲು ಊರಿ, ಎರಡೂ ಮಂಡಿ ಚೆನ್ನಾಗಿ ಬಗ್ಗಿಸಿ. ಕೈಬೆರಳು ನೆಲದ ಕಡೆ, ಎರಡೂ ಅಂಗೈ ಬೊಗಸೆಯ ಹಾಗೆ ಚೆಂಡಿನ ಮುಂದೆ. ಬಲಗಾಲಿನ ತುದಿಯನ್ನು ಚೆಂಡಿನ ಅಡಿಗೆ ಜಾರಿಸಿ ಬೊಗಸೆಗೆ ಎತ್ತಿಕೊಡಿ. ಎತ್ತರಕ್ಕೆ ಚಿಮ್ಮಿಸಬೇಕಿಲ್ಲ, ಅಕ್ಕಿ ಕೇರುವಾಗ ಮೊರದ ತುದಿ ಏಳುತ್ತದಲ್ಲ, ಅಷ್ಟು ಸಾಕು.

ಸೊಂಟ ಮಾತ್ರ ಬಗ್ಗಿಸಿ ಕಾಲು ನೆಟ್ಟಗೆ ಇಟ್ಟುಕೊಂಡರೆ ಎರಡು ಕೇಡು. ಚೆಂಡು ಮುಂದಕ್ಕೆ ಉರುಳುತ್ತದೆ, ಪಕ್ಕದಿಂದ ಬಂದವನ ಮೊಣಕಾಲಿಗೆ ನಿಮ್ಮ ಮುಖ ಸಿಗುತ್ತದೆ. ಮೊದಲು ನಿಂತ ಚೆಂಡು, ಆಮೇಲೆ ದೂರ ಉರುಳುವ ಚೆಂಡು, ಆಮೇಲೆ ಎದುರು ಬರುವ ಚೆಂಡು.

7. ಅಡ್ಡಗಟ್ಟುವುದು

ಕಬಡ್ಡಿ ನೆಲದಿಂದ ಬಂದವರಿಗೆ ಮೊದಲೇ ಹೇಳಿಬಿಡಬೇಕು: ಇಲ್ಲಿ ಹಿಡಿಯುವುದು ಚೆಂಡನ್ನು, ಆಳನ್ನಲ್ಲ. ತಬ್ಬುವುದು, ಅಂಗಿ ಎಳೆಯುವುದು, ಕಾಲು ಅಡ್ಡ ಕೊಡುವುದು, ಎದುರಿನಿಂದ ಢಿಕ್ಕಿ ಹೊಡೆಯುವುದು ಎಲ್ಲವೂ ಫೌಲು. ಬೇಕೆಂದೇ ಎಳೆದು ಬೀಳಿಸಿದರೆ ಕಪ್ಪು ಕಾರ್ಡು, ಹತ್ತು ನಿಮಿಷ ಹೊರಗೆ.

ಏನು ಮಾಡಬಹುದು? ಪಕ್ಕಕ್ಕೆ ಬಂದು, ಕಾಲು ಸಣ್ಣ ಸಣ್ಣ ಹೆಜ್ಜೆಯಲ್ಲಿ ಓಡುತ್ತಿರುವಾಗಲೇ, ಹತ್ತಿರದ ಕೈಯನ್ನು ಬಿಚ್ಚಿ ಚೆಂಡಿಗೆ ತಟ್ಟಬಹುದು. ಪುರುಷರ ಆಟದಲ್ಲಿ ಭುಜಕ್ಕೆ ಭುಜ ಕೊಡಬಹುದು, ಆದರೆ ಪಕ್ಕದಿಂದ ಮಾತ್ರ, ಒಂದು ಕಾಲಾದರೂ ನೆಲದ ಮೇಲಿರಬೇಕು. ಮಹಿಳೆಯರ ಆಟದಲ್ಲಿ ಬೇಕೆಂದೇ ಭುಜ ಕೊಡುವುದೂ ಇಲ್ಲ.

ತಟ್ಟುವ ಹೊತ್ತು ಯಾವುದು ಎಂಬುದರಲ್ಲೇ ಜಾಣತನ. ಚೆಂಡು ಎದೆಗೆ ಅವಚಿರುವಾಗ ತಟ್ಟಿದರೆ ಕೈಗೆ ಬೀಳುವುದು ಅವನ ತೋಳು. ಕಾಯಿರಿ. ನಾಲ್ಕು ಹೆಜ್ಜೆಯೊಳಗೆ ಅವನು ಚೆಂಡನ್ನು ಬಿಡಲೇಬೇಕು. ನೀವು ಮನೆಯಲ್ಲಿ ಎಣಿಸಿದ ಲೆಕ್ಕ ಈಗ ಅವನ ಮೇಲೆ ಕೆಲಸ ಮಾಡುತ್ತದೆ: ಮೂರನೆಯ ಹೆಜ್ಜೆಗೆ ಕೈ ಸಿದ್ಧವಿರಲಿ, ಚೆಂಡು ಕೈಗೂ ಕಾಲಿಗೂ ನಡುವೆ ಇರುವ ಆ ಅರೆಗಳಿಗೆಯಲ್ಲಿ ತಟ್ಟಿ.

8. ಅಂಕ ಗಳಿಸುವುದು

ಹೊಸಬರಿಗೆಲ್ಲ ಗೋಲು ಹೊಡೆಯುವ ಆಸೆ. ಇಲ್ಲಿನ ಹಳಬರು ಹೇಳುವುದು ಬೇರೆ: ಪಾಯಿಂಟು ತಗೋ, ಗೋಲು ತಾನಾಗಿ ಬರುತ್ತೆ. ಇಪ್ಪತ್ತು ಮೀಟರಿನಿಂದ, ಕಂಬಗಳ ಎದುರಿನಿಂದ ಶುರು ಮಾಡಿ, ದಿನಕ್ಕೆ ಹತ್ತು ಒದೆತ. ಎದುರಿನಿಂದ ಕೂತಮೇಲೆ ಎಡಕ್ಕೆ, ಬಲಕ್ಕೆ ಸರಿಯಿರಿ. ಚೆಂಡನ್ನು ಮುಷ್ಟಿಯಿಂದ ಅಡ್ಡಪಟ್ಟಿಯ ಮೇಲೆ ಹೊಡೆದರೂ ಪಾಯಿಂಟು ಸಿಗುತ್ತದೆ. ಆದರೆ ಕೈಯಲ್ಲಿ ಹಿಡಿದ ಚೆಂಡನ್ನು ಹ್ಯಾಂಡ್ ಪಾಸ್ ಮಾಡಿ ಬಲೆಗೆ ಕಳಿಸಿದರೆ ಗೋಲಲ್ಲ.

ಅಂಕಪಟ್ಟಿ ಓದುವುದನ್ನೂ ಕಲಿಯಿರಿ. 2025ರ ಅಖಿಲ ಐರ್ಲೆಂಡ್ ಫೈನಲ್ಲಿನಲ್ಲಿ ಕೆರ್ರಿ 1-26, ಡೊನೆಗಾಲ್ 0-19. ಗೀಟಿನ ಹಿಂದಿನದು ಗೋಲು, ಮುಂದಿನದು ಪಾಯಿಂಟು. ಕೆರ್ರಿಯದು ಒಂದು ಮೂರಲಿ ಮೂರು, ಅದಕ್ಕೆ ಇಪ್ಪತ್ತಾರು ಸೇರಿಸಿ 29. ಕಂಬದ ಪಕ್ಕ ಬಿಳಿ ಕೋಟು ತೊಟ್ಟು, ಲ್ಯಾಬ್ ಅಟೆಂಡರಂತೆ ನಿಂತಿರುವವರು ಅಂಪೈರುಗಳು. ಗೋಲಿಗೆ ಹಸಿರು ಬಾವುಟ, ಪಾಯಿಂಟಿಗೆ ಬಿಳಿ.

2025ರಿಂದ ಕಿತ್ತಳೆ ಬಾವುಟವೂ ಬಂದಿದೆ. ಹಿಂದೆ ಡಬ್ಲಿನ್ ತಂಡದ ಮ್ಯಾನೇಜರ್ ಆಗಿದ್ದ ಜಿಮ್ ಗ್ಯಾವಿನ್ ನೇತೃತ್ವದ ಸಮಿತಿ ಪುರುಷರ ಆಟದ ನಿಯಮಗಳನ್ನು ತಿದ್ದಿದ್ದರಿಂದ, ಯೂಟ್ಯೂಬಿನ ಹಳೆಯ ಪಾಠಗಳು ಈಗ ಅರ್ಧ ಹಳತು. ನಿಮಗೆ ಬೇಕಾದವು ಇಷ್ಟು: ಗೋಲಿನಿಂದ 40 ಮೀಟರ್ ದೂರದಲ್ಲಿ ಎಳೆದ ಬಿಲ್ಲಿನಾಕಾರದ ಗೆರೆಯ ಆಚೆಯಿಂದ ಒದ್ದ ಚೆಂಡು ಅಡ್ಡಪಟ್ಟಿಯ ಮೇಲೆ ಹೋದರೆ 2 ಅಂಕ. ಗೋಲ್‌ಕೀಪರನ ಕಿಕ್‌ಔಟು, ಅಂದರೆ ಚೆಂಡನ್ನು ಮತ್ತೆ ಆಟಕ್ಕೆ ತರಲು ಗೋಲಿನ ಎದುರಿನಿಂದ ಒದೆಯುವ ಒದೆತ, ಆ ಗೆರೆಯನ್ನು ದಾಟಬೇಕು. ಎರಡೂ ತಂಡ ತಲಾ ಮೂವರನ್ನಾದರೂ ಎದುರಾಳಿಯ ಅರ್ಧದಲ್ಲಿ ಬಿಟ್ಟಿರಬೇಕು, ಎಲ್ಲರೂ ಹಿಂದೆ ಬಂದು ಗೋಲಿನೆದುರು ಗುಂಪುಗಟ್ಟುವಂತಿಲ್ಲ. ಫೌಲಾದವನು ನಿಂತು ಒದೆಯುವ ಬದಲು ಸೋಲೋ ಮಾಡಿ ಹಾಗೇ ಓಟ ಮುಂದುವರಿಸಬಹುದು. ರೆಫರಿಯ ಜೊತೆ ವಾದಕ್ಕಿಳಿದರೆ ಚೆಂಡನ್ನು 50 ಮೀಟರ್ ಮುಂದಕ್ಕೆ ಒಯ್ದು ಎದುರಾಳಿಗೆ ಕೊಡುತ್ತಾರೆ. ಮಹಿಳೆಯರ ಸಂಸ್ಥೆ 1974ರಲ್ಲಿ ಬೇರೆಯಾಗಿ ಹುಟ್ಟಿದ್ದು, ಅದರ ನಿಯಮಪುಸ್ತಕವೂ ಬೇರೆ. ಮಕ್ಕಳ ಪಂದ್ಯಗಳಲ್ಲೂ ನಿಯಮ ವಯಸ್ಸಿಗೆ ತಕ್ಕಂತೆ. ನಿಮ್ಮ ಗುಂಪಿಗೆ ಯಾವುದು ಎಂದು ಕೋಚನ್ನು ಕೇಳಿ.

9. ಕ್ಲಬ್ಬಿಗೆ ಹೋಗುವುದು

ಕ್ಲಬ್ಬು ಇಲ್ಲಿ ಚರ್ಚಿನ ಪ್ಯಾರಿಷ್, ಅಂದರೆ ಊರು-ಕೇರಿಯ ಲೆಕ್ಕದಲ್ಲಿರುತ್ತದೆ. ನಿಮ್ಮ ಮನೆಗೆ ಹತ್ತಿರದ್ದೇ ನಿಮ್ಮದು. ಧರ್ಮ, ದೇಶ ಯಾರೂ ಕೇಳುವುದಿಲ್ಲ. ನಾಲ್ಕೈದು ವರ್ಷದ ಪುಟಾಣಿಗಳಿಗೆ 'ನರ್ಸರಿ' ಎಂಬ ವಾರಾಂತ್ಯದ ಆಟ, ಬೇಸಿಗೆ ರಜೆಯಲ್ಲಿ 6ರಿಂದ 13 ವರ್ಷದವರಿಗೆ 'ಕೂಲ್ ಕ್ಯಾಂಪ್' ಇರುತ್ತದೆ. ಈ 'ಕೂಲ್' ತಂಪಲ್ಲ, ಐರಿಷ್ ಭಾಷೆಯಲ್ಲಿ ಗೋಲು ಎಂದರ್ಥ. ಪಂದ್ಯಕ್ಕೆ ಹೋಗದೆ ಮೈ ಬಗ್ಗಿಸಿ ನಗುನಗುತ್ತಾ ಆಡಲು ಬಯಸುವ ಮಹಿಳೆಯರಿಗೆ 'ಗೇಲಿಕ್ ಫಾರ್ ಮದರ್ಸ್ ಅಂಡ್ ಅದರ್ಸ್', ಗಂಡಸರಿಗೆ 'ಡ್ಯಾಡ್ಸ್ ಅಂಡ್ ಲ್ಯಾಡ್ಸ್' ಇವೆ. ನಮ್ಮ ವಯಸ್ಸಿನವರು ಬಾಗಿಲು ತಟ್ಟಬೇಕಾದ್ದು ಅಲ್ಲಿ. ನೇರವಾಗಿ ಸೀನಿಯರ್ ತಂಡದ ಅಭ್ಯಾಸಕ್ಕೆ ಹೋಗಿ ನಿಲ್ಲಬೇಡಿ.

ಒಂದೆರಡು ಸಲ ಹೋಗಿ ನೋಡಿದ ಮೇಲೆ ಸದಸ್ಯತ್ವ ತೆಗೆದುಕೊಳ್ಳಿ, ಅದು 'ಫೊರಿನ್' ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಆಗುತ್ತದೆ. ಇದನ್ನು ಮುಂದೂಡಬೇಡಿ. ಗಾಯವಾದಾಗ ಸಂಸ್ಥೆಯ ಗಾಯ ನಿಧಿಯಿಂದ ನೆರವು ಕೇಳಬೇಕಾದರೆ ಹೆಸರು ದಾಖಲಾಗಿರಬೇಕು.

ಗಾಯದ ಮಾತು ಬಂತು. ಈ ಆಟದಲ್ಲಿ ಹೆಚ್ಚು ಕಾಡುವುದು ತೊಡೆಯ ಹಿಂಭಾಗದ ಸ್ನಾಯು, ಹ್ಯಾಮ್‌ಸ್ಟ್ರಿಂಗ್. ವಾರವಿಡೀ ಕಂಪ್ಯೂಟರ್ ಮುಂದೆ ಕೂತು ಶನಿವಾರ ಒಮ್ಮೆಲೇ ಚಿಗರೆಯಂತೆ ಓಡಿದರೆ ಅದು ಕಿತ್ತುಕೊಳ್ಳುತ್ತದೆ. 'ಜಿಎಎ 15' ಎಂಬ ಹದಿನೈದು ನಿಮಿಷದ ಮೈ ಬಿಸಿ ಮಾಡುವ ಕ್ರಮವಿದೆ, ಅದಕ್ಕೆ ತಡವಾಗಿ ಬರುವವರೇ ಮೊದಲು ಕುಂಟುವವರು.

ಮಗುವನ್ನು ಸೇರಿಸಿದ ಮೇಲೆ ಕಾರಿನಲ್ಲಿ ಕೂತು ಫೋನ್ ನೋಡಬೇಡಿ, ಇಳಿದು ಬೇಲಿಯ ಹತ್ತಿರ ಬನ್ನಿ. ಕೆಲವೇ ವಾರಗಳಲ್ಲಿ ಯಾರಾದರೂ ಬಂದು ಕೋನ್ ಜೋಡಿಸಲು ಕೈ ಕೊಡ್ತೀರಾ ಎನ್ನುತ್ತಾರೆ. ಹೂಂ ಎನ್ನಿ. ಕೋಚಿಂಗಿಗೆ ನಿಲ್ಲುವ ಮನಸ್ಸಿದ್ದರೆ ಗಾರ್ಡಾ ವೆಟ್ಟಿಂಗ್, ಅಂದರೆ ಪೊಲೀಸ್ ಪರಿಶೀಲನೆ ಆಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ, ಅರ್ಜಿ ಬೇಗ ಹಾಕಿ. ಬೇಲಿಯ ಈಚೆಯಿಂದ ಮಗುವಿಗೆ ಕನ್ನಡದಲ್ಲಿ ಕೂಗಿ ಹೇಳಿದರೆ ಎದುರು ತಂಡಕ್ಕೆ ತಿಳಿಯುವುದಿಲ್ಲ ಎಂದು ಖುಷಿಪಡಬೇಡಿ, ಆಚೆ ಕಡೆಯ ಡಿಫೆಂಡರನ ಅಮ್ಮ ಹಾಸನದವರಾಗಿರಬಹುದು. ನಮಗೆ ಹಾಗೇ ಆಯಿತು.